ಹೊಳೆ ದಾಟಿಸಿದವರು

ಕುಮಾರಪಟ್ಟಣ ಎಂದರೆ ಈಗ ಎಲ್ಲರಿಗೂ ನೆನಪಾಗುವುದು ಪಾಲಿಫೈಬರ್ಸ್ ಕಾರ್ಖಾನೆ. ಊರಿನ ಮಗ್ಗುಲಲ್ಲೇ ತುಂಗಭದ್ರೆ, ಆಚೆ ದಡದಲ್ಲಿ ಹರಿಹರ. ಬಸ್ಸಿನಲ್ಲಿ ಕೂತು ಸೇತುವೆ ದಾಟುವವರಿಗೆ, ಈ ಹೊಳೆ ಒಂದು ಕಾಲಕ್ಕೆ ದಂಡುಗಳನ್ನೇ ತಡೆದು ನಿಲ್ಲಿಸುತ್ತಿತ್ತು ಎಂದರೆ ನಂಬಿಕೆ ಬರಲಿಕ್ಕಿಲ್ಲ. 1800ರ ಜೂನ್ ತಿಂಗಳು, ಮುಂಗಾರಿನ ಹೊತ್ತು. ಬ್ರಿಟಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ದಂಡು ಹರಿಹರದ ಹತ್ತಿರ ಹೊಳೆ ದಾಟಿ ಈಚೆಗೆ ಬಂತು. 27ರಂದು ರಾಣೆಬೆನ್ನೂರಿನ ಕೋಟೆ ಬಿತ್ತು. ಅವನು ಬೆನ್ನಟ್ಟಿದ್ದು ಧೋಂಡಿಯಾ ವಾಘ್‌ನನ್ನು. ಚನ್ನಗಿರಿಯಲ್ಲಿ ಹುಟ್ಟಿ, ಹೈದರಾಲಿಯ ಕುದುರೆ ದಂಡಿನಲ್ಲಿ ಪಳಗಿ, ಟಿಪ್ಪುವಿನ ಸೆರೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಗದ್ದಲದಲ್ಲಿ ಹೊರಬಂದ ಸವಾರ ಅವನು.

ಈ ಬೆನ್ನಟ್ಟುವಿಕೆಯ ಕತೆಯನ್ನು ಇಬ್ಬರು ನಾಯಕರ ಕತೆಯಾಗಿಯೇ ಬರೆಯುತ್ತ ಬಂದಿದ್ದಾರೆ. ಆದರೆ ಕುದುರೆಗಳನ್ನು ಮಳೆಗಾಲದ ಹೊಳೆಗೆ ಇಳಿಸಿದ್ದು ಯಾರು?

ತುಂಗಭದ್ರೆಯನ್ನು ದಾಟುವ ಬಗೆಯನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಆನೆಗೊಂದಿಯ ಕಡವಿನಲ್ಲಿ ಅವನು ಕಂಡದ್ದು ಹರಿಗೋಲು: ಒಳಗೆ ಬೆತ್ತ, ಹೊರಗೆ ತೊಗಲು, ಬುಟ್ಟಿಯಂತೆ ದುಂಡಗೆ, ಹೊಳೆಯುದ್ದಕ್ಕೂ ಗರಗರ ತಿರುಗುತ್ತಲೇ ಸಾಗುವಂಥದ್ದು. ಹದಿನೈದಿಪ್ಪತ್ತು ಜನ ಹಿಡಿಸುತ್ತಿದ್ದರು. ತೀರ ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಏರಿಸುತ್ತಿದ್ದರಂತೆ, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತಿದ್ದವು. ಕುದುರೆ ಹುಟ್ಟಾ ಅಂಜುಬುರುಕ ಪ್ರಾಣಿ. ತಳ ಕಾಣದ ನೀರಿಗೆ ಕಾಲಿಡಲು ಅದಕ್ಕೆ ಚಾಟಿಯ ಭಯ ಸಾಲದು, ದಿನವೂ ಮೈ ತಿಕ್ಕುವ, ಬಾಯಿಗೆ ಕಾಳಿನ ತೋಬರ ಕಟ್ಟುವ ಮನುಷ್ಯ ಮುಂದೆ ಇರಬೇಕು.

ಆ ಮನುಷ್ಯನಿಗೆ ಕನ್ನಡದಲ್ಲಿ ಕಾಸ್ತಾರ ಎನ್ನುತ್ತಿದ್ದರು. ಮದ್ರಾಸ್ ಕಡೆಯ ರಿಸಾಲೆಗಳಲ್ಲಿ ಕುದುರೆಯೊಂದಕ್ಕೆ ಒಬ್ಬ ಚಾಕರ, ಹುಲ್ಲು ತರಲು ಇನ್ನೊಬ್ಬ. ಈ ಎರಡನೆಯವನ ಕೆಲಸ ಕಣ್ಣಿಗೆ ಬೀಳುವಂಥದ್ದಲ್ಲ, ಆದರೆ ದಂಡಿನ ಜೀವ ಇದ್ದದ್ದು ಅವನ ಕುರ್ಚಿಗೆಯಲ್ಲೇ. ಬೇಸಿಗೆಯಲ್ಲಿ ನೆಲದ ಮೇಲೆ ಹಸಿರು ಇರುವುದಿಲ್ಲವಲ್ಲ, ಆಗ ಅವನು ಗರಿಕೆಯನ್ನು ಬೇರುಸಮೇತ ಕೆತ್ತಿ ತೆಗೆದು, ಮಣ್ಣು ಬಡಿದು, ತೊಳೆದು, ಹೊರೆ ಕಟ್ಟಿ ತರಬೇಕು. ಸಂಜೆಗೆ ಬೇಯಿಸಿದ ಹುರುಳಿ. ರಾತ್ರಿ ಬಯಲಲ್ಲಿ ಅಗಾಡಿ-ಪಿಛಾಡಿ, ಅಂದರೆ ಮುಂದೆ ತಲೆಗೆ, ಹಿಂದೆ ಕಾಲಿಗೆ ಹಗ್ಗ ಹಾಕಿ ಗೂಟಕ್ಕೆ ಕಟ್ಟುವುದು. ಬೆಳಿಗ್ಗೆ ಗೊರಸಿನಲ್ಲಿ ಸಿಕ್ಕ ಕಲ್ಲು ನೋಡುವುದು, ಬೆನ್ನಿನ ಮೇಲೆ ಜೀನು ಉಜ್ಜಿ ಗಾಯವಾಗಿದೆಯೇ ಎಂದು ಕೈಯಾಡಿಸುವುದು. ವೆಲ್ಲೆಸ್ಲಿಯ ಆ ಕಾಲದ ಪತ್ರಗಳಲ್ಲಿ ಶತ್ರುವಿನಷ್ಟೇ ಮೇವು, ಕಾಳು, ಹೇರೆತ್ತುಗಳ ಮಾತು ತುಂಬಿದೆ.

ಈ ಕೆಲಸವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ, ಅಲ್ಲಿನ ಅರಸರು ವರ್ಷಕ್ಕೆ ಸಾವಿರಗಟ್ಟಲೆ ಕುದುರೆ ಕೊಂಡರೂ ವರ್ಷದ ಕೊನೆಗೆ ನೂರೂ ಉಳಿಯುತ್ತಿರಲಿಲ್ಲ ಎಂದು ಬೆರಗಾಗಿದ್ದಾನೆ. ಅನ್ನಕ್ಕೆ ಮಾಂಸ ಬೆರೆಸಿ ತಿನ್ನಿಸುತ್ತಿದ್ದರು, ಆರೈಕೆ ಬಲ್ಲವರು ಇರಲಿಲ್ಲ. ಕುದುರೆ ವ್ಯಾಪಾರಿಗಳು ಲಾಳ ಕಟ್ಟುವವರನ್ನು ಬೇಕೆಂದೇ ಅತ್ತ ಬಿಡುತ್ತಿರಲಿಲ್ಲವಂತೆ. ಸತ್ತಷ್ಟೂ ಲಾಭ! ವಿಜಯನಗರದ್ದು ಇನ್ನೊಂದು ಬಗೆಯ ದುಂದು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಫೆರ್ನಾವೊ ನೂನಿಜ್ ಹೇಳುವಂತೆ, ಅಲ್ಲಿನ ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಅದಕ್ಕೂ ಮೊದಲು ಸಾಳುವ ನರಸಿಂಹನ ಕಾಲದಲ್ಲಿ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಎಣಿಸಿ ಕೊಡುತ್ತಿದ್ದರು.

ತಿಳಿವಳಿಕೆಗೆ ಕೊರತೆ ಇತ್ತು ಎನ್ನುವಂತಿಲ್ಲ. ಹಾನಗಲ್ಲು, ಬಂಕಾಪುರಗಳ ಸೀಮೆ ಕಲ್ಯಾಣದ ಚಾಲುಕ್ಯರ ಕೈಕೆಳಗಿದ್ದಾಗ, 1129ರ ಹೊತ್ತಿಗೆ ಮೂರನೆಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಕುದುರೆಗಳ ತಳಿ, ಬಣ್ಣ, ಸುಳಿ, ನಡೆಗಳ ವಿವರವಿದೆ. ಸವಾರರು ಎರಡು ಪಂಗಡವಾಗಿ ಕೋಲಿನಿಂದ ಚೆಂಡು ಹೊಡೆದು ತೋರಣ ದಾಟಿಸುವ ಆಟದ ವರ್ಣನೆಯೂ ಇದೆ. ಓಟದ ನಡುವೆ ಥಟ್ಟನೆ ನಿಂತು, ಸವಾರನ ಮಂಡಿಯ ಒತ್ತಿಗೇ ಹೊರಳಬಲ್ಲ ಕುದುರೆ ಇಲ್ಲದೆ ಅಂಥ ಆಟ ಸಾಧ್ಯವಿಲ್ಲ. ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಗೆ ನಾಗಾಲೋಟ ಎಂದು ತಿಂಗಳುಗಟ್ಟಲೆ ಸುತ್ತು ಹಾಕಿಸಿದ ಮೇಲೆ ಬರುವ ಹದ ಅದು. ಸುಮಾರು 1400ರಲ್ಲಿ ಅಭಿನವಚಂದ್ರ ಕುದುರೆಯ ರೋಗ, ಮದ್ದುಗಳನ್ನು ಕನ್ನಡದಲ್ಲೇ ಬರೆದ. ಪುಸ್ತಕ ಅರಮನೆಯಲ್ಲಿತ್ತು, ಕುದುರೆ ಲಾಯದಲ್ಲಿತ್ತು. ನಡುವಿನ ದಾರಿ ಕಾಸ್ತಾರನ ಮೂಲಕವೇ ಹಾಯಬೇಕಿತ್ತು.

ಕುದುರೆ ಯಾರದು ಎಂಬುದರ ಮೇಲೆ ಆರೈಕೆಯೂ ಬದಲಾಗುತ್ತಿತ್ತು. ಮರಾಠರಲ್ಲಿ ಸರ್ಕಾರದ ಕುದುರೆ ಏರಿದವನು ಬಾರ್ಗೀರ, ಸ್ವಂತ ಕುದುರೆ ತಂದವನು ಸಿಲೇದಾರ. ಸಿಲೇದಾರನಿಗೆ ಕುದುರೆ ಸತ್ತರೆ ಅನ್ನವೇ ಹೋದಂತೆ. ಹಾಗಾಗಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದ, ಗುಂಡಿನ ಎದುರು ನುಗ್ಗಿಸಲು ಹಿಂದೆಮುಂದೆ ನೋಡುತ್ತಿದ್ದ. ಸೇನಾಪತಿಗಳು ಇದನ್ನು ಹೇಡಿತನ ಎಂದರು, ಲೆಕ್ಕಾಚಾರ ಎನ್ನುವುದೇ ಸರಿ. ಈಗಿನ ಹಾವೇರಿ ಜಿಲ್ಲೆಯ ನೆಲ ಇಂಥ ಸವಾರರನ್ನು ಬೇಕಾದಷ್ಟು ಕಂಡಿದೆ. 1764ರಲ್ಲಿ ರಟ್ಟೀಹಳ್ಳಿಯ ಬಳಿ ಪೇಶ್ವೆ ಮಾಧವರಾಯ ಹೈದರನನ್ನು ಸೋಲಿಸಿದ. ಮುಂದೆ ಹೈದರ್ ಸವಣೂರಿನ ನವಾಬನೊಡನೆ ಬೀಗತನ ಬೆಳೆಸಿದಾಗ, ಕಪ್ಪದಲ್ಲಿ ಒಂದು ಪಾಲು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಕೇಳಿದ್ದು 2,000 ಪಠಾಣ ಸವಾರರನ್ನು.

ಧೋಂಡಿಯಾನ ಓಟ 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಮುಗಿಯಿತು. ಕಾಲಾಳು ಹಿಂದೆ ಉಳಿದಿದ್ದರಿಂದ ವೆಲ್ಲೆಸ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿದ. ಜೂನ್‌ನಿಂದ ಮಳೆ, ಎರೆಮಣ್ಣು, ಹೊಳೆಗಳನ್ನು ಕಂಡ ಕುದುರೆಗಳು ಅಂದು ಓಡಿದವು.

ಮೈಸೂರಿನ ಸಿಲೇದಾರರ ಪರಂಪರೆ ಮುಂದೆ ಮೈಸೂರು ಲ್ಯಾನ್ಸರ್ಸ್ ಆಯಿತು. 1918ರ ಸೆಪ್ಟೆಂಬರ್ 23ರಂದು ಅವರು ಜೋಧಪುರದವರ ಜತೆ ಹೈಫಾ ಪಟ್ಟಣವನ್ನು ಮೆಷಿನ್ ಗನ್‌ಗಳಿಗೆ ಎದುರಾಗಿ ಗೆದ್ದದ್ದು ಪಠ್ಯಪುಸ್ತಕಗಳಿಗೂ ಬಂದಿದೆ. ಕುದುರೆಯನ್ನು ಸಿಡಿಮದ್ದಿನ ಸದ್ದಿಗೆ ಒಗ್ಗಿಸುವುದು ಹೇಗೆಂದು ನೋಡಬೇಕಾದರೆ ಇಂದಿಗೂ ಮೈಸೂರಿಗೇ ಹೋಗಬೇಕು. ಜಂಬೂಸವಾರಿಗೆ 21 ಕುಶಾಲತೋಪು ಹಾರುವ ವಾರಗಳ ಮೊದಲೇ ಆನೆಗಳ ಜತೆ ಪೊಲೀಸ್ ಅಶ್ವದಳದ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ ಫಿರಂಗಿ ಹಾರಿಸುತ್ತಾರೆ. ಮೊದಲ ಸಲ ಬೆಚ್ಚುವುದು, ಮುಂಗಾಲೆತ್ತುವುದು ಇದ್ದದ್ದೇ. ಮತ್ತೊಮ್ಮೆ ಹಾರಿಸುತ್ತಾರೆ, ಮಗದೊಮ್ಮೆ.

ಹಾವೇರಿ ಕಡೆ ದಂಡಿನ ಕುದುರೆ ಹೋಯಿತು, ಟಾಂಗಾ ಕುದುರೆಯೂ ಹೋಯಿತು. ಉಳಿದದ್ದು ಕುರಿಗಾರರ ತಟ್ಟು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಲು ಊರೂರು ಸುತ್ತುವ ಕುರುಬರ ಮನೆಯೇ ಅದರ ಬೆನ್ನ ಮೇಲೆ: ಗುಡಾರ, ಪಾತ್ರೆ, ಕಂಬಳಿ, ಕೋಳಿ, ನಿನ್ನೆ ಹುಟ್ಟಿದ ಮರಿ. ನಡೆಸುವವರು ಹೆಚ್ಚಾಗಿ ಹೆಂಗಸರು. ಬೀಡು ಬಿಟ್ಟಲ್ಲಿ ಮುಂಗಾಲಿಗೆ ಹಗ್ಗ ಬಿಗಿದು ಮೇಯಲು ಬಿಟ್ಟರೆ ಮುಗಿಯಿತು. ಮಹಾರಾಷ್ಟ್ರದ ಭೀಮಾ ಕಣಿವೆಯಲ್ಲಿ ಧನಗರರು ಹೀಗೆಯೇ ಸಾಕಿಕೊಂಡು ಬಂದ ಭೀಮಥಡಿ ಕುದುರೆಗೆ ಈಚಿನ ವರ್ಷಗಳಲ್ಲಿ ಪ್ರತ್ಯೇಕ ತಳಿಯೆಂಬ ಸರ್ಕಾರಿ ಮಾನ್ಯತೆ ಸಿಕ್ಕಿದೆ. ಹಿಂದೆ ಹಡಗೇರಿ ಬಂದ ಅರಬ್ಬಿ ಕುದುರೆಗಳ ರಕ್ತವೂ ಅದರಲ್ಲಿ ಸೇರಿದೆ ಎಂಬ ಮಾತಿದೆ. ಅದನ್ನು ಉಳಿಸಿದ್ದು ಯಾವ ಅರಸನ ಲಾಯವೂ ಅಲ್ಲ, ಕುರಿಹಿಂಡಿನ ಹಿಂದೆ ಹೋದ ಸಂಸಾರಗಳು.