ಪಂಚಾಯಿತಿ ಕುರ್ಚಿಯಿಂದ ಅಡಿಕೆ ಯಂತ್ರದವರೆಗೆ

ದಾವಣಗೆರೆ ಜಿಲ್ಲೆಯ ಬಸವಾಪಟ್ಟಣದ ಹತ್ತಿರದ ಸೂಳೆಕೆರೆಯನ್ನು ಶಾಂತವ್ವೆ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಐತಿಹ್ಯದಲ್ಲಿ ಹೆಣ್ಣಿಗೆ ಅಷ್ಟು ದೊಡ್ಡ ಜಾಗವಿದ್ದರೂ ಊರಿನ ಆಡಳಿತದಲ್ಲಿ ಜಾಗ ಸಿಗಲು ಕಾನೂನೇ ಬರಬೇಕಾಯಿತು.

ಆ ಕಾನೂನು ಬಂದದ್ದು ಕರ್ನಾಟಕದಲ್ಲೇ, ದೇಶಕ್ಕಿಂತ ಮೊದಲು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. ಅದರಡಿ 1987ರಲ್ಲಿ ಚುನಾವಣೆ ನಡೆಯಿತು. 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಪಾಲು ಕೊಟ್ಟಿತು. 2010ರ ಹೊತ್ತಿಗೆ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದಾಯಿತು.

‘ಹೆಸರಿಗೆ ಹೆಂಡತಿ, ದರ್ಬಾರು ಗಂಡನದು’ ಎಂಬ ಮಾತು ಅಂದಿನಿಂದಲೂ ಇದೆ. ಅದರಲ್ಲಿ ನಿಜವೂ ಇದೆ. ಆದರೆ ಮೀಸಲಾತಿ ಇಲ್ಲದ ಕಡೆ ಏನಾಯಿತೆಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 10 ಮಂದಿ. ದಾವಣಗೆರೆಯಿಂದ ನಾಗಮ್ಮ ಕೇಶವಮೂರ್ತಿ ಶಾಸಕಿಯಾಗಿ, ಸಚಿವೆಯಾಗಿ ದಾರಿ ಮಾಡಿದ್ದರೂ ಈ ಲೋಕಸಭಾ ಕ್ಷೇತ್ರ ಮೊದಲ ಸಂಸದೆಯನ್ನು ಕಂಡದ್ದು 2024ರಲ್ಲಿ. ಆ ಸಲ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯ ಗಾಯತ್ರಿ ಸಿದ್ದೇಶ್ವರ ಇಬ್ಬರೂ ಮಹಿಳೆಯರೇ.

ದುಡ್ಡಿನ ದಾರಿ ಬೇರೆ. 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಸಂಘಗಳು ವಾರದ ಉಳಿತಾಯ, ಒಳಸಾಲ, ಬ್ಯಾಂಕ್ ಪಾಸ್‌ಬುಕ್ಕನ್ನು ಹಳ್ಳಿಯ ಹೆಂಗಸರ ಕೈಗೆ ತಂದವು. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಸೇರುವ ಏರ್ಪಾಡಾಯಿತು. ಖಾಸಗಿ ಬಸ್ಸನ್ನೇ ನೆಚ್ಚಿದ ಊರುಗಳಿಗೆ ಮಾತ್ರ ಉಚಿತ ಪ್ರಯಾಣದ ಲಾಭ ಪೂರ್ತಿ ಸಿಗದು.

ಹಿನ್ನಡೆ ಆಗಿರುವುದು ಯಂತ್ರದ ವಿಷಯದಲ್ಲಿ. ಭದ್ರಾ ನಾಲೆಯ ನೀರು ಮತ್ತು ಕೊಳವೆಬಾವಿಗಳಿಂದ ಚನ್ನಗಿರಿ ತಾಲ್ಲೂಕು ಅಡಿಕೆ ಸೀಮೆಯಾಯಿತು. ಕೊಯ್ಲಿನ ಕಾಲದಲ್ಲಿ ಹೆಂಗಸರು ಸಾಲಾಗಿ ಕೂತು, ಮಣೆಗೆ ಜಡಿದ ಕತ್ತಿಗೆ ಹಸಿ ಅಡಿಕೆ ಒತ್ತಿ ಸಿಪ್ಪೆ ಬಿಡಿಸುತ್ತಿದ್ದರು. ಬೆರಳುಗಳಿಗೆ ಕರೆ ಹತ್ತುತ್ತಿತ್ತು, ಕತ್ತಿ ತಗುಲುತ್ತಿತ್ತು. ಆದರೂ ಸುಲಿದಷ್ಟೂ ಕೂಲಿ ಎಂಬ ಲೆಕ್ಕವಿತ್ತು. ಸುಲಿಯುವ ಯಂತ್ರ ಬಂದ ಮೇಲೆ ಆ ಕೆಲಸ ಬಹುಪಾಲು ಅದಕ್ಕೆ ಹೋಯಿತು. ಯಂತ್ರ ಫಸಲು ಗುತ್ತಿಗೆ ಹಿಡಿದ ಚೇಣಿದಾರನದು, ಗುಂಡಿ ಒತ್ತುವವನು ಗಂಡಸು. ಅರೆಬರೆ ಸುಲಿದ ಕಾಯಿ ಆರಿಸಲು ಹೆಂಗಸರು ಉಳಿದರು. ಭತ್ತದ ನಾಟಿಯಲ್ಲೂ ಇದೇ ಬದಲಾವಣೆ ಶುರುವಾಗಿದೆ.

ಫೋನಿನ ಕತೆ ಇಷ್ಟು ಸರಳವಲ್ಲ. ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ತೂಕ, ಎತ್ತರವನ್ನು ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್‌ಗೆ ತುಂಬುತ್ತಾರೆ. ಹೊಸ ವಿದ್ಯೆ ಅವರಿಗೆ ಒಲಿದಿದೆ. ಆದರೆ ಅವರಿಗೆ ಸಿಗುವುದು ಇಂದಿಗೂ ಗೌರವಧನ, ಸಂಬಳವಲ್ಲ. 2023ರ ನವೆಂಬರ್‌ನಲ್ಲಿ ಕೇಂದ್ರ ಮಂಜೂರು ಮಾಡಿದ ಡ್ರೋನ್ ಯೋಜನೆ ಇನ್ನೊಂದು ದಾರಿ ತೋರಿತು: 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಇಲ್ಲಿ ಯಂತ್ರದ ಒಡೆತನವೇ ಸಂಘದ್ದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ತೋಟ-ಗದ್ದೆಗಳಿಗೆ, ಜಗಳೂರಿನ ಒಣಹೊಲಗಳಿಗೆ ಬೇಕಿರುವುದು ಇದೇ ಕ್ರಮ. ಯಂತ್ರಗಳನ್ನು ಬಾಡಿಗೆಗೆ ಕೊಡುವ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ನಡೆಸುವ ಹೊಣೆಯನ್ನು ಮಹಿಳಾ ಸಂಘಗಳಿಗೆ ಕೊಡಲಿ. ಅಡಿಕೆ ಯಂತ್ರಕ್ಕೆ ಸಹಾಯಧನ ಕೊಡುವಾಗ ಸುಲಿಯುತ್ತಿದ್ದವರಿಗೇ ಮೊದಲ ಪಾಲು ಸಿಗಲಿ. ಪಂಚಾಯಿತಿಯ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಿದೆ. ಮುಂದಿನ ಗ್ರಾಮಸಭೆಯಲ್ಲೇ ಈ ಬೇಡಿಕೆಗಳನ್ನು ನಡಾವಳಿಯಲ್ಲಿ ಬರೆಸಬೇಕು.