ಉಳುವ ಯಂತ್ರವೂ ಉಷ್ಣಮಾಪಕವೂ

ಎತ್ತಿನ ಬೇಸಾಯದಲ್ಲಿ ಪಶುವಿನ ದಣಿವನ್ನು ಅರಿಯಲು ಒಕ್ಕಲಿಗನಿಗೆ ಯಾವ ಸಾಧನವೂ ಬೇಕಾಗಿರಲಿಲ್ಲ. ಬಾಯಿಂದಿಳಿಯುವ ನೊರೆ, ಏರಿಳಿಯುವ ಪಕ್ಕೆ, ತಡವರಿಸುವ ಹೆಜ್ಜೆ, ಇವೇ ಅವನಿಗೆ ಸಾಕಾದ ಸೂಚನೆಗಳು. ನೊಗವನ್ನು ಕಳಚಿ, ನೀರು ಕುಡಿಸಿ, ಹೊಂಗೆಯ ನೆರಳಿನಲ್ಲಿ ಕಟ್ಟಿದರೆ ಪರಿಹಾರವೂ ಆಯಿತು. ಎತ್ತಿನ ಸ್ಥಾನಕ್ಕೆ ಯಂತ್ರವು ಬಂದಾಗ ಈ ಮೂಕಸಂಭಾಷಣೆ ನಿಂತುಹೋಯಿತು. ಕಬ್ಬಿಣವು ನೊರೆ ಸುರಿಸುವುದಿಲ್ಲ. ಅದರ ಆಯಾಸವು ಕಣ್ಣಿಗೆ ಕಾಣುವ ವೇಳೆಗೆ ಅನರ್ಥವು ನಡೆದುಹೋಗಿರುತ್ತದೆ. ಆದುದರಿಂದಲೇ ಯಂತ್ರದ ಒಳಗಿನ ಶಾಖವನ್ನು ಹೊರಗೆ ಸಾರುವ ಉಪಾಯವೊಂದು ಬೇಕಾಯಿತು. ಆ ಉಪಾಯದ ಚರಿತ್ರೆಯು ಸಣ್ಣದಾದರೂ ವಿಚಾರಾರ್ಹವಾದುದು.

ಎಂಜಿನ್ನಿನಲ್ಲಿ ಉರಿಯುವ ಎಣ್ಣೆಯ ಶಕ್ತಿಯಲ್ಲಿ ಒಂದು ಭಾಗ ಮಾತ್ರವೇ ಗಾಲಿಗಳನ್ನು ತಿರುಗಿಸುತ್ತದೆ. ಉಳಿದುದು ಶಾಖವಾಗಿ ಹೊರಬೀಳಬೇಕು. ಇದಕ್ಕಾಗಿ ಸಿಲಿಂಡರಿನ ಸುತ್ತಲೂ ನೀರನ್ನು ಹರಿಯಿಸಿ, ಆ ನೀರನ್ನು ರೇಡಿಯೇಟರಿನಲ್ಲಿ ಗಾಳಿಗೊಡ್ಡಿ ತಣಿಸುವ ಕ್ರಮವು ರೂಢಿಗೆ ಬಂದಿತು. 1917ರಲ್ಲಿ ಹೆನ್ರಿ ಫೋರ್ಡನು ವಿಪುಲವಾಗಿ ತಯಾರಿಸತೊಡಗಿದ ಫೋರ್ಡ್‌ಸನ್ ಟ್ರ್ಯಾಕ್ಟರಿನಲ್ಲಿ ನೀರಿನ ಪಂಪೇ ಇರಲಿಲ್ಲ. ಕಾದ ನೀರು ಹಗುರವಾಗಿ ಮೇಲೇರುವುದು, ತಣಿದುದು ಭಾರವಾಗಿ ಕೆಳಗಿಳಿಯುವುದು; ಈ ಸ್ವಭಾವಧರ್ಮವೇ ಅಲ್ಲಿ ಪಂಪಿನ ಕೆಲಸವನ್ನು ಮಾಡುತ್ತಿತ್ತು. ರೇಡಿಯೇಟರಿನ ಮುಚ್ಚಳದಿಂದ ಏಳುವ ಹಬೆಯೇ ಚಾಲಕನಿಗೆ ಉಷ್ಣಮಾಪಕ. ಶಾಖವು ಹೆಚ್ಚಾದರೆ ಮಾತ್ರವೇ ಕೇಡೆಂದು ಭಾವಿಸಬಾರದು. ಸೀಮೆಎಣ್ಣೆಯಿಂದ ನಡೆಯುತ್ತಿದ್ದ ಆ ಕಾಲದ ಎಂಜಿನ್ನುಗಳು ಸಾಕಷ್ಟು ಕಾಯದಿದ್ದರೆ, ಎಣ್ಣೆಯು ಆವಿಯಾಗದೆ ಕೆಳಗಿಳಿದು ಕೀಲೆಣ್ಣೆಯನ್ನು ಕೆಡಿಸುತ್ತಿತ್ತು. ಯಂತ್ರಕ್ಕೂ ಹಿತವಾದ ಒಂದು ಶಾಖವುಂಟೆಂಬುದು ಹೀಗೆ ತಿಳಿಯಿತು.

ಈ ಶಾಖವನ್ನು ಅಳೆಯುವ ಸಾಧನದ ಬೇರು ಇನ್ನೂ ಹಿಂದಿನದು. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡೋನನು ಒತ್ತಡವನ್ನಳೆಯುವ ಬಾಗಿದ ಕೊಳವೆಯೊಂದನ್ನು ಕಲ್ಪಿಸಿದನು. ಒಳಗಿನ ಒತ್ತಡ ಹೆಚ್ಚಿದಂತೆ ಕೊಳವೆಯು ನೆಟ್ಟಗಾಗಲು ಯತ್ನಿಸುವುದು; ಅದಕ್ಕೆ ಸೇರಿದ ಮುಳ್ಳು ತಿರುಗುವುದು. ಉಗಿಯಂತ್ರಗಳಿಗೆ ಉಪಕಾರಿಯಾದ ಈ ಕೊಳವೆಯೇ ಮುಂದೆ ಟ್ರ್ಯಾಕ್ಟರಿಗೂ ಒದಗಿತು. ಎಂಜಿನ್ನಿನ ನೀರಿನಲ್ಲಿ ಅದ್ದಿದ ಒಂದು ಪುಟ್ಟ ಬುರುಡೆಯಲ್ಲಿ ಬೇಗನೆ ಆವಿಯಾಗುವ ದ್ರವವಿರುತ್ತದೆ. ಅದರ ಒತ್ತಡವು ಕೂದಲೆಳೆಯಂಥ ತಾಮ್ರದ ನಾಳದ ಮೂಲಕ ಚಾಲಕನ ಮುಂದಿನ ಬಿಲ್ಲೆಗೆ ತಲಪಿ ಮುಳ್ಳನ್ನು ತಿರುಗಿಸುತ್ತದೆ. ಇದಕ್ಕೆ ವಿದ್ಯುತ್ತಿನ ಹಂಗಿಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಹಲವಕ್ಕೆ ಇಂಥ ಮಾಪಕವೇ ಉಂಟು.

ನಮ್ಮ ದೇಶದ ಕಥೆಗೆ ಬಂದರೆ, 1959ರಲ್ಲಿ ಫರೀದಾಬಾದಿನಲ್ಲಿ ಸಿದ್ಧವಾದ ಐಷರ್ ಟ್ರ್ಯಾಕ್ಟರು ನೀರನ್ನೇ ಬೇಡದೆ ಗಾಳಿಯಿಂದ ತಣಿಯುವಂಥದಾಗಿತ್ತು. ಬೆಂಗಳೂರಿನ ವಾಯವ್ಯದ ಜಾಲಹಳ್ಳಿಯಲ್ಲಿ 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯದ ನೆರವಿನಿಂದ 25 ಅಶ್ವಶಕ್ತಿಯ ಜೀಟರ್ ಟ್ರ್ಯಾಕ್ಟರನ್ನು ತಯಾರಿಸತೊಡಗಿತು. ಇದು ನೀರಿನಿಂದ ತಣಿಯುವ ಬಗೆಯದು. 2016ರಲ್ಲಿ ಆ ಟ್ರ್ಯಾಕ್ಟರು ವಿಭಾಗವನ್ನು ಮುಚ್ಚಲು ಸರ್ಕಾರವು ನಿಶ್ಚಯಿಸಿತು. ತಯಾರಕನು ತೆರೆಯ ಮರೆಗೆ ಸರಿದ ಮೇಲೆ, ಹಳೆಯ ಯಂತ್ರದ ಆಯುಸ್ಸು ಯಜಮಾನನ ಎಚ್ಚರಿಕೆಯನ್ನೇ ನೆಮ್ಮಬೇಕಾಗುತ್ತದೆ.

ಈ ಎಚ್ಚರಿಕೆಗೆ ಬೆಂಗಳೂರಿನಲ್ಲಿ ವಿಶೇಷ ಕಾರಣವುಂಟು. ನಗರವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯನ್ನು ಮುಟ್ಟದೆ ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಅರ್ಧ ವಾಯುಭಾರದಷ್ಟು ಒತ್ತಡವನ್ನು ಹಿಡಿದಿಟ್ಟರೆ ಕುದಿಯುವ ಅಂಕವು ಹತ್ತು ಡಿಗ್ರಿಗೂ ಮಿಕ್ಕಿ ಮೇಲೇರುವುದು. ಆದರೆ ಮುಚ್ಚಳದ ರಬ್ಬರು ಸವೆದಿದ್ದರೆ ಆ ರಕ್ಷೆಯು ತಪ್ಪಿತು. ಮುಳ್ಳು ಕೆಂಪು ಗೆರೆಯನ್ನು ಸೇರುವ ಮೊದಲೇ ನೀರು ಕುದಿದು ಹೊರಚೆಲ್ಲುವುದು. ಕೆಂಪು ಗೆರೆಯನ್ನೇ ನಂಬಿ ಕುಳಿತವನು ಮೋಸಹೋಗುವನು.

ಮಾಪಕದ ಮೋಸಗಳು ಇನ್ನೂ ಉಂಟು. ತಾಮ್ರದ ನಾಳವು ಮುರಿದರೆ ಆವಿಯು ಸೋರಿ, ಮುಳ್ಳು ಶೀತದ ಕಡೆಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ನೀರೆಲ್ಲ ಸೋರಿಹೋದರೆ ಬುರುಡೆಯು ನೀರನ್ನು ಮುಟ್ಟದೆ ನಿಂತು, ಕಬ್ಬಿಣವು ಬೇಯುತ್ತಿರುವಾಗಲೂ ಮುಳ್ಳು ಸುಮ್ಮನಿರಬಹುದು. ಕೊಳವೆಬಾವಿಯ ಗಡಸುನೀರನ್ನೇ ವರ್ಷಾನುವರ್ಷ ತುಂಬಿದರೆ ಒಳಗೋಡೆಗೆ ಸುಣ್ಣದ ಹೊರೆ ಕಟ್ಟುತ್ತದೆ. ಆಗ ಮಾಪಕವು ನೀರಿನ ಶಾಖವನ್ನು ಸರಿಯಾಗಿಯೇ ಹೇಳಿದರೂ ಸುಣ್ಣದ ಹಿಂದಿನ ಲೋಹದ ಶಾಖವು ಅದಕ್ಕೆ ತಿಳಿಯದು. ಕಾದ ಎಂಜಿನ್ನಿಗೆ ಗಾಬರಿಯಿಂದ ತಣ್ಣೀರು ಸುರಿದರೆ ಎರಕದ ಕಬ್ಬಿಣವು ಬಿರಿಯುವುದು. ಮುಚ್ಚಳವನ್ನು ಆತುರದಿಂದ ತಿರುಗಿಸಿದವನ ಮುಖವೇ ಬೇಯುವುದು. ಬಿತ್ತನೆಯ ಹದ ಮೀರುತ್ತಿರುವಾಗ ಯಂತ್ರವು ಕೆಟ್ಟು ನಿಂತರೆ ರೈತನ ಒಂದು ವರ್ಷದ ಅನ್ನಕ್ಕೇ ಕುಂದು. ಸಣ್ಣದೊಂದು ಮುಳ್ಳಿನ ಮೇಲೆ ನಿಂತಿರುವ ಭಾರವು ಇಷ್ಟು ದೊಡ್ಡದು.

ಪಶ್ಚಿಮ ಬೆಂಗಳೂರಿನಲ್ಲಿ ಈ ಯಂತ್ರದ ಕೆಲಸವೇ ಮಾರ್ಪಟ್ಟಿತು. ರಾಜಾಜಿನಗರವು ಕೈಗಾರಿಕೆಯ ಉಪನಗರವಾಗಿ ಬೆಳೆಯಿತು; ವಿಜಯನಗರ, ಬಸವೇಶ್ವರನಗರಗಳು ಹೊಲಗದ್ದೆಗಳಿದ್ದಲ್ಲಿ ತಲೆಯೆತ್ತಿದವು. ವೃಷಭಾವತಿಯ ಪಕ್ಕದ ಕೆಂಗೇರಿಯು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. 2021ರಲ್ಲಿ ಮೆಟ್ರೋ ರೈಲೂ ಅಲ್ಲಿಗೆ ತಲಪಿತು. ನೇಗಿಲನ್ನು ಕಳಚಿದ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರನ್ನು ಹೂಡಿದರು. 2024ರ ಬೇಸಗೆಯಲ್ಲಿ ನಗರಕ್ಕೆ ನೀರಿನ ಅಭಾವ ತಟ್ಟಿದಾಗ ಟ್ಯಾಂಕರಿನ ದರವನ್ನು ಸರ್ಕಾರವೇ ಗೊತ್ತುಮಾಡಬೇಕಾಯಿತು. ಸಾವಿರಾರು ಲೀಟರು ನೀರನ್ನು ಎಳೆಯುತ್ತ ಏರುದಾರಿಯಲ್ಲಿ ಮೆಲ್ಲನೆ ಸಾಗುವ ಹಳೆಯ ಯಂತ್ರದ ಎದೆಯಲ್ಲಿ ಹತ್ತು ಹನ್ನೆರಡು ಲೀಟರು ನೀರು ಕಡಮೆಯಾದರೆ ಅದು ಅಲ್ಲಿಯೇ ನಿಲ್ಲುವುದು. ಬೆನ್ನ ಹಿಂದೆ ಕೆರೆಯನ್ನೇ ಹೊತ್ತವನು ಬಾಯಾರಿ ಬಿದ್ದಂತೆ!

ಮಾಪಕವಿರುವುದು ಕಣ್ಣಿಗೆ ನೆರವಾಗಲೆಂದು, ಕಣ್ಣನ್ನು ಮುಚ್ಚಲೆಂದಲ್ಲ. ಹೊರಡುವ ಮುನ್ನ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೀರನ್ನು ನೋಡುವುದು, ಪಂಖದ ಪಟ್ಟಿಯನ್ನು ಒತ್ತಿ ಪರೀಕ್ಷಿಸುವುದು, ರೇಡಿಯೇಟರಿನ ಸಂದಿಯ ಹೊಟ್ಟುಧೂಳನ್ನು ಝಾಡಿಸುವುದು, ಕೆಲಸದ ನಡುವೆ ಮುಳ್ಳಿನ ದಿನನಿತ್ಯದ ನೆಲೆಯನ್ನು ನೆನಪಿನಲ್ಲಿಟ್ಟು ಅದು ಸ್ವಲ್ಪ ಕದಲಿದರೂ ಕಾರಣವನ್ನು ವಿಚಾರಿಸುವುದು. ಇಷ್ಟು ಮಾಡಿದರೆ ಮುದಿಯಂತ್ರವೂ ಬಹುಕಾಲ ಬಾಳುವುದು. ಎತ್ತಿನ ಪಕ್ಕೆಯನ್ನು ಸವರಿ ಅದರ ದಣಿವನ್ನರಿತ ಹಿರಿಯರ ವಿದ್ಯೆಯೂ ಇದೇ ಅಲ್ಲವೆ? ಪಶುವು ಹೋಗಿ ಯಂತ್ರವು ಬಂದರೂ ದುಡಿಯುವುದರ ದಣಿವನ್ನು ಕೇಳಬೇಕಾದ ಋಣವು ದುಡಿಸಿಕೊಳ್ಳುವವನನ್ನು ಬಿಟ್ಟುಹೋಗಲಿಲ್ಲ.