ಕಟ್ಟುಮರದ ಕಟ್ಟು

ಮೊನ್ನೆ ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾರೋ ಮೊಬೈಲಿನಲ್ಲಿ ಕಟಮರಾನ್ ರೇಸಿನ ವಿಡಿಯೋ ಹಾಕಿದ್ದರು. "ಅದು ಇಂಗ್ಲಿಷ್ ಪದ ಅಲ್ಲ ಗುರು, ನಮ್ಮ ಕಟ್ಟುಮರಂ" ಅಂದ ನಾಗರಕೋಯಿಲಿನ ಗೆಳೆಯ. ಕಟ್ಟು, ಮರ ಎರಡೂ ಕನ್ನಡದಲ್ಲೂ ಇವೆಯಲ್ಲ, ನಮ್ಮದೇ ಅಂದುಬಿಡೋಣ ಅನ್ನಿಸಿತು. ಆದರೆ ಪದ ಹೊರಟದ್ದು ತಮಿಳು ಕರಾವಳಿಯಿಂದಲೇ. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕ 1697ರ ತನ್ನ ಪುಸ್ತಕದಲ್ಲಿ ಕೋರಮಂಡಲದ ಈ ತೆಪ್ಪಗಳ ಬಗ್ಗೆ ಬರೆದಿದ್ದಾನೆ. ಸುಮ್ಮನಾದೆ :-)

ಹಗುರ ದಿಮ್ಮಿಗಳನ್ನು ಹಗ್ಗದಿಂದ ಬಿಗಿದರೆ ಕಟ್ಟುಮರ. ಮೀನು ಹಿಡಿದು ಮರಳಿದ ಮೇಲೆ ಕಟ್ಟು ಬಿಚ್ಚಿ ದಿಮ್ಮಿಗಳನ್ನು ದಡದಲ್ಲಿ ಒಣಗಿಸುತ್ತಿದ್ದರು. ಅಂದರೆ ಮತ್ತೆ ಕಡಲಿಗಿಳಿಯುವಾಗ ಮತ್ತೆ ಕಟ್ಟಬೇಕು. ಎಷ್ಟು ಬಿಗಿಯಬೇಕು ಅನ್ನುವುದು ಕೈಗೇ ಗೊತ್ತಿರಬೇಕು. ನಾವು ಕಾಲೇಜಿನಲ್ಲಿ ಹಗ್ಗದ ಪಕ್ಕ 'ಟೀ' ಅಂತ ಬರೆದು ಲೆಕ್ಕ ಬಿಡಿಸಿದ್ದೇ ಬಂತು!

ಜೋಡಿ ಒಡಲಿನ ದೋಣಿಗೆ ಈ ಹೆಸರು ಅಂಟಿಕೊಂಡದ್ದು ಆಮೇಲೆ. 1876ರಲ್ಲಿ ಅಮೆರಿಕದ ನಥಾನಿಯಲ್ ಹೆರೆಶಾಫ್ ಕಟ್ಟಿದ 'ಅಮರಿಲ್ಲಿಸ್' ನ್ಯೂಯಾರ್ಕಿನ ರೇಸಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ಸೋತವರು ತಕರಾರು ತೆಗೆದು ಅದನ್ನು ಅನರ್ಹಗೊಳಿಸಿದರು. ಅವನ ಜಾಣತನ ಇದ್ದದ್ದು ಸಡಿಲದಲ್ಲಿ: ಎರಡು ಒಡಲುಗಳೂ ತಂತಮ್ಮ ಅಲೆಗೆ ತಾವೇ ಏರಿಳಿಯುವಂತೆ ಗುಂಡಿನ ಕೀಲು ಹಾಕಿದ್ದ.

ಈಗಿನ ಕಟಮರಾನ್ ಹಾಗಲ್ಲ, ಬಿಗಿ ಚೌಕಟ್ಟು. ಒಂದೇ ಒಡಲಿನ ಹಾಯಿದೋಣಿ ಜೋರು ಗಾಳಿಗೆ ವಾಲುತ್ತದೆ, ವಾಲಿದಷ್ಟೂ ಗಾಳಿ ಹಾಯಿಯಿಂದ ಜಾರಿಹೋಗುತ್ತದೆ. ಕಟಮರಾನ್ ಅಷ್ಟು ಸುಲಭಕ್ಕೆ ವಾಲುವುದಿಲ್ಲ. ಹಾಗಾಗಿ ಗಾಳಿಯ ಹೊಡೆತ ಹಾಯಿಕಂಬವನ್ನು ಹಿಡಿದ ತಂತಿಗಳ ಮೇಲೆ ಬೀಳುತ್ತದೆ. ಮುಂದಿನ ತಂತಿ ಸಡಿಲವಾದರೆ ಹಾಯಿ ಜೋಲುತ್ತದೆ. ಹಾಗಂತ ತಿರುಪು ಬಿಗಿಯುತ್ತಾ ಹೋದರೆ ಕಂಬ ತನ್ನ ಕೆಳಗಿನ ಅಡ್ಡತೊಲೆಯನ್ನೇ ತುಳಿಯುತ್ತದೆ. ಎರಡು ಒಡಲುಗಳ ನಡುವೆ ಆ ತೊಲೆಯ ಕೆಳಗೆ ಇರುವುದು ಬರೀ ನೀರು.

ಇದನ್ನೆಲ್ಲ ಓದುವಾಗ ನೆನಪಾದದ್ದು ನಮ್ಮ ಕಾರವಾರ. 2025ರ ಮೇ 21ರಂದು ಅಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಕಟಮರಾನ್ ಅಲ್ಲ, ಒಂದೇ ಒಡಲಿನ ಹಡಗು. ಆದರೆ ಅದರ ಪ್ರಾಣವೂ ಕಟ್ಟಿನಲ್ಲೇ. ಅಜಂತಾದ 5ನೇ ಶತಮಾನದ ಚಿತ್ರ ನೋಡಿ ವಿನ್ಯಾಸ ಮಾಡಿ, ಕೇರಳದ ಬಾಬು ಶಂಕರನ್ ಮತ್ತು ಸಂಗಡಿಗರು ಮೊಳೆಯ ಬದಲು ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದರು. ಹಡಗಿನ ಆಕಾರವನ್ನೇನೋ ಚಿತ್ರ ನೋಡಿ ತಿಳಿಯಬಹುದು. ಹಗ್ಗ ಎಷ್ಟು ಬಿಗಿ ಇರಬೇಕು ಅಂತ ಯಾವ ಚಿತ್ರಕಾರ ಬರೆದಾನು? ಅದು ಉಳಿದಿದ್ದದ್ದು ಹೊಲಿಯುವವರ ಬೆರಳುಗಳಲ್ಲಿ. ಆ ಕಸುಬು ಬಲ್ಲವರು ಈಗ ಬೆರಳೆಣಿಕೆಯಷ್ಟು. ಅವರೂ ಇಲ್ಲದಿದ್ದರೆ ಐಐಟಿಯ ಲೆಕ್ಕವೊಂದೇ ಹಡಗನ್ನು ತೇಲಿಸುತ್ತಿತ್ತೆ? ನನಗಂತೂ ಅನುಮಾನ.

2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯ, ಜನವರಿಯಲ್ಲಿ ಮಸ್ಕತ್ ಮುಟ್ಟಿತು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡ ಇದೆ. ನಾಗರಕೋಯಿಲಿನವನಿಗೆ ಫೋಟೋ ತೋರಿಸಿದೆ. ಈ ಸಲ ಅವನು ಸುಮ್ಮನಾದ.